ಟಾಪ್ ಕತ್ತರಿಸುವ ಮೊದಲು: 1950ರ ದಶಕದ ಕಸ್ಟಮ್ ಕಾರು ಕಟ್ಟುವವರಿಗೊಂದು ಮಾರ್ಗದರ್ಶಿ

ನನಗೆ ಪದೇ ಪದೇ ಬರುವ ಪ್ರಶ್ನೆ ಇದು. "ಹಳೇ ಫೋಟೋಗಳಲ್ಲಿ ನೋಡ್ತೀವಲ್ಲ, ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರೋ, ಕಿಟಕಿ ಕಿರಿದಾಗಿರೋ, ಬಾಗಿಲಿಗೆ ಹಿಡಿಯೇ ಇಲ್ಲದ ಅಮೆರಿಕದ ಕಾರು, ಅಂಥದ್ದೊಂದನ್ನ ಕಟ್ಟೋದು ಹೇಗೆ?" ಕೇಳುವವರಲ್ಲಿ ಅರ್ಧ ಜನ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು. ಮನೆಗೊಂದು ಗ್ಯಾರೇಜ್ ಇದೆ, ಶನಿವಾರ ಭಾನುವಾರ ಬಿಡುವಿದೆ. ಉಳಿದ ಅರ್ಧ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರು. ಇಬ್ಬರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಹಾಟ್ ರಾಡ್ ಬೇರೆ, ಕಸ್ಟಮ್ ಬೇರೆ. ಹಾಟ್ ರಾಡ್ ಕಟ್ಟುವುದು ವೇಗಕ್ಕೆ. ಭಾರ ಇಳಿಸುತ್ತಾರೆ, ಮಡ್‌ಗಾರ್ಡ್ ಕಳಚುತ್ತಾರೆ, ಎಂಜಿನ್ ಬಲಪಡಿಸುತ್ತಾರೆ. ಕಸ್ಟಮ್ ಕಟ್ಟುವುದು ಕಣ್ಣಿಗೆ. ಕಂಪನಿಯವರು ಮಾಡಿದ ಕಾರನ್ನೇ ತಗ್ಗಿಸಿ, ಉದ್ದ ಕಾಣುವ ಹಾಗೆ ಮಾಡಿ, ಬೇಡದ್ದನ್ನೆಲ್ಲ ತೆಗೆದು, ಒಂದೇ ಎರಕದಿಂದ ಬಂದಂತೆ ಕಾಣಿಸುವ ಕೆಲಸ. ಅದರಲ್ಲಿ ದೊಡ್ಡದು ಟಾಪ್ ಇಳಿಸುವುದು, ಅಂದರೆ ಕಿಟಕಿ ಕಂಬಗಳನ್ನು ಕತ್ತರಿಸಿ ಕಾರಿನ ಚಾವಣಿಯನ್ನು ತಗ್ಗಿಸುವುದು. ಇದು ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಸ್ಯಾಕ್ರಮೆಂಟೋದ ಹ್ಯಾರಿ ವೆಸ್ಟರ್‌ಗಾರ್ಡ್, ಲಾಸ್ ಏಂಜಲೀಸ್ ಸುತ್ತಮುತ್ತಲಿನ ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಅಣ್ಣತಮ್ಮಂದಿರು, ಗಿಲ್ ಮತ್ತು ಅಲ್ ಅಯಾಲಾ, ಬರ್ಬ್ಯಾಂಕ್‌ನ ವ್ಯಾಲಿ ಕಸ್ಟಮ್ ಶಾಪ್‌ನ ನೀಲ್ ಎಮರಿ ಮತ್ತು ಕ್ಲೇ ಜೆನ್ಸೆನ್ ಈ ಕೆಲಸಕ್ಕೆ ಹೆಸರಾದವರು. ಇವರ ಶೆಡ್‌ಗಳಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಹೆಚ್ಚಿನವರು ದುಡಿದು ತಿನ್ನುವ ಮನೆಗಳ ಹುಡುಗರು. ಎರಡನೇ ಮಹಾಯುದ್ಧ ಮುಗಿಸಿ ಬಂದವರಿದ್ದರು, ಮೆಕ್ಸಿಕೋ ಮತ್ತು ಜಪಾನ್ ಮೂಲದ ಮನೆತನದವರಿದ್ದರು.

ಉದಾಹರಣೆಗೆ ಒಂದೇ ಕಾರು ಹಿಡಿಯುತ್ತೇನೆ: 1949ರಿಂದ 1951ರವರೆಗಿನ ಮರ್ಕ್ಯುರಿ. ಫೋರ್ಡ್ ಕಂಪನಿಯದು. ಕಸ್ಟಮ್ ಅಂದ ತಕ್ಷಣ ಜನರ ಕಣ್ಣ ಮುಂದೆ ಬರುವ ಕಾರು ಇದೇ. ಇದರ ಮೇಲೆ ಕಲಿತರೆ 1940ರ ಮರ್ಕ್ಯುರಿಗೂ 1950ರ ಶೆವ್ರೊಲೆಗೂ ಅದೇ ಬುದ್ಧಿ ಸಾಕಾಗುತ್ತದೆ.

ಭಾರತದಲ್ಲಿರುವವರು ಇದನ್ನು ಮೊದಲು ಓದಿ

"ಅಜ್ಜನ ಅಂಬಾಸಿಡರ್ ಇದೆ, ಟಾಪ್ ಇಳಿಸಬಹುದಾ?" ಅಂತ ಕೇಳುತ್ತೀರಿ. ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಇನ್ನು 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ನೋಡಿ. 50 ವರ್ಷ ದಾಟಿದ ಕಾರಿಗೆ 'ವಿಎ' ಅಕ್ಷರದ ನಂಬರ್ ಸಿಗಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಮೇಲೆ ದೊಡ್ಡ ಬದಲಾವಣೆ ಆಗಿರಬಾರದು. ಅಂದರೆ ಟಾಪ್ ಕತ್ತರಿಸಿದ ಕಾರು ರಸ್ತೆಗೂ ಸಲ್ಲದು, ವಿಂಟೇಜ್ ಪಟ್ಟಿಗೂ ಸಲ್ಲದು.

ಕಾನೂನು ಬಿಟ್ಟರೂ ನನ್ನದೊಂದು ಕೋರಿಕೆ ಇದೆ. ನಮ್ಮಲ್ಲಿ ಉಳಿದಿರುವ 1940-50ರ ಅಮೆರಿಕನ್ ಕಾರುಗಳು ಬೆರಳೆಣಿಕೆಯಷ್ಟು. ಅಂಥದ್ದು ಕೈಗೆ ಸಿಕ್ಕರೆ ಇದ್ದ ಹಾಗೇ ಉಳಿಸಿಕೊಳ್ಳಿ. ಕಟ್ಟುವ ಆಸೆ ತೀರಿಸಿಕೊಳ್ಳಲು ದಾರಿ ಇದೆ. 3ನೇ ಹಂತ ನೋಡಿ. ಅದು ಪೂರ್ತಿ ನಿಮ್ಮದೇ.

1. ಒಂದು ವರ್ಷ ಹಿಡಿಯಿರಿ, ಅಲ್ಲೇ ನಿಲ್ಲಿ

ಕಾರು ಹುಡುಕುವ ಮೊದಲೇ ಮಾಡಬೇಕಾದ ಕೆಲಸ ಇದು. "1950ರ ದಶಕದ ಸ್ಟೈಲ್" ಅಂದರೆ ಸಾಲದು. 1952ರ ಕಸ್ಟಮ್‌ಗೂ 1959ರ ಕಸ್ಟಮ್‌ಗೂ ಅಜಗಜಾಂತರ. ಒಂದು ಚೀಟಿಯಲ್ಲಿ "ಈ ಕಾರು 1952ರಲ್ಲಿ ಮುಗಿಯಿತು" ಅಂತ ಬರೆದು ಗ್ಯಾರೇಜ್ ಗೋಡೆಗೆ ಅಂಟಿಸಿ. ಯಾವ ಭಾಗ ಕೊಳ್ಳುವಾಗಲೂ ಆ ಚೀಟಿಯನ್ನು ಕೇಳಿ.

ಕಣ್ಣಿಗೆ ಬೇಗ ಬೀಳುವ ತಪ್ಪುಗಳು ಇವು. ನಾಲ್ಕು ಹೆಡ್‌ಲೈಟ್ ಅಮೆರಿಕದ ಕಾರುಗಳಿಗೆ ಬಂದದ್ದು 1957-58ರಲ್ಲಿ. 1952ರ ಕಾರಿಗೆ ಅವು ಬೇಡ. ಮಿಂಚಿನ ಚೂರು ಬೆರೆಸಿದ ಮೆಟಲ್‌ಫ್ಲೇಕ್ ಬಣ್ಣ ಆ ದಶಕದ ಕೊನೆಯದು. ಟೈರಿನ ಬಿಳಿ ಪಟ್ಟಿಯೂ ಅಷ್ಟೇ. 1950ರ ದಶಕದ ಮೊದಲರ್ಧದಲ್ಲಿ ಅದು ಅಗಲ. 1962ರ ಹೊತ್ತಿಗೆ ಬೆರಳಗಲಕ್ಕೆ ಇಳಿದಿತ್ತು. ದೊಡ್ಡ ರಿಮ್, ತೆಳು ಟೈರ್ ಹಾಕಿದರಂತೂ ಉಳಿದ ಕೆಲಸವೆಲ್ಲ ನೀರಲ್ಲಿ ಹೋಮ.

ಇದರ ಜೊತೆಗೆ ನೋಡುವುದನ್ನು ಕಲಿಯಿರಿ. ಕಸ್ಟಮ್ ಕಾರಿನ ಮುಂದೆ ನಿಂತು ಫೋಟೋ ತೆಗೆದು ಬಂದರೆ ಏನೂ ತಿಳಿಯುವುದಿಲ್ಲ. ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಕಿಟಕಿಯ ಕೆಳ ಅಂಚಿನ ಮಟ್ಟಕ್ಕೆ ತನ್ನಿ. ಹೆಡ್‌ಲೈಟ್‌ನಿಂದ ಹೊರಟ ಗೆರೆ ಮಡ್‌ಗಾರ್ಡ್, ಬಾಗಿಲು ದಾಟಿ ಹಿಂದಿನ ದೀಪಕ್ಕೆ ಹೇಗೆ ಹೋಗುತ್ತದೆ ಅಂತ ಹಿಂಬಾಲಿಸಿ. ಎಲ್ಲಾದರೂ ಕಣ್ಣು ಎಡವಿದರೆ ಅಲ್ಲಿ ಕೆಲಸ ಸರಿಯಾಗಿಲ್ಲ ಅಂತ ಅರ್ಥ. ಆಮೇಲೆ ಪಕ್ಕದ ಕಿಟಕಿಯ ಆಕಾರ ನೋಡಿ. ಬಣ್ಣ, ಕ್ರೋಮ್ ಎಲ್ಲ ಕಡೆಗೆ. ಒಳ್ಳೆಯ ಕಸ್ಟಮ್ ಅಂದರೆ ಆ ಗೆರೆ, ಆ ಕಿಟಕಿ. ಅಷ್ಟೇ.

ಹೋಲಿಸಿ ನೋಡಲು ಒಂದು ಕಾರು ಹೇಳುತ್ತೇನೆ. ಬಾಬ್ ಹಿರೋಹಾಟ ಎಂಬ ಯುವಕನಿಗಾಗಿ ಬ್ಯಾರಿಸ್ ಶಾಪ್ 1952ರಲ್ಲಿ ಕಟ್ಟಿದ 1951ರ ಮರ್ಕ್ಯುರಿ. ಟಾಪ್ ಮುಂದೆ 4 ಇಂಚು, ಹಿಂದೆ 7 ಇಂಚು ಇಳಿದಿದೆ. ಬಾಗಿಲ ಹಿಂದಿನ ಕಂಬ ತೆಗೆದುಹಾಕಿದ್ದಾರೆ. ಪಕ್ಕದಲ್ಲಿ 1952ರ ಬ್ಯೂಕ್‌ನ ಕ್ರೋಮ್ ಪಟ್ಟಿ, ಅದರ ಮೇಲೆ ತಿಳಿಹಸಿರು, ಕೆಳಗೆ ಗಾಢ ಹಸಿರು. ಆ ಪಟ್ಟಿ ಸುಮ್ನೆ ಅಂಟಿಸಿದ್ದಲ್ಲ. ಕಿಟಕಿಯ ಗೆರೆ ಇಳಿಯುವ ಕಡೆಗೇ ಅದೂ ಇಳಿಯುತ್ತದೆ. 1959ರಲ್ಲಿ ಜಿಮ್ ಮೆಕ್‌ನೀಲ್ ಎಂಬ ಹುಡುಗ ಇದನ್ನು 500 ಡಾಲರ್‌ಗೆ ಕೊಂಡು, ದಶಕಗಟ್ಟಲೆ ಜೋಪಾನ ಮಾಡಿ, ಮತ್ತೆ ಮೊದಲಿನ ರೂಪಕ್ಕೆ ತಂದ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಗೆ ಸೇರಿತು. 2022ರ ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರ್‌ಗೆ ಹೋಯಿತು.

2. ಕಾರು ಕೊಳ್ಳುವಾಗ

1949 ಮತ್ತು 1950ರ ಮರ್ಕ್ಯುರಿ ಹೆಚ್ಚುಕಡಿಮೆ ಒಂದೇ ಥರ. 1951ರದ್ದಕ್ಕೆ ಹಿಂದಿನ ಮಡ್‌ಗಾರ್ಡ್ ಉದ್ದ, ಹಿಂದಿನ ಗಾಜು ದೊಡ್ಡದು. ಟಾಪ್ ಇಳಿಸುವಾಗ ಈ ವ್ಯತ್ಯಾಸ ಕೈಗೆ ತಾಗುತ್ತದೆ. ಎರಡು ಬಾಗಿಲಿನದ್ದೇ ಎಲ್ಲರಿಗೂ ಬೇಕು, ಹಾಗಾಗಿ ಬೆಲೆ ಜಾಸ್ತಿ. ನಾಲ್ಕು ಬಾಗಿಲಿನದು ಅಗ್ಗ, ಆದರೆ ಟಾಪ್ ಕೆಲಸ ಹೆಚ್ಚುತ್ತದೆ.

ಟೈಟಲ್ ಇಲ್ಲದ ಕಾರು ಕೊಳ್ಳಬೇಡಿ. ಟೈಟಲ್ ಅಂದರೆ ಒಡೆತನದ ಪತ್ರ, ನಮ್ಮ ಆರ್‌ಸಿ ಇದ್ದ ಹಾಗೆ. ಚಾಸಿಯ ಮೇಲೆ ಹೊಡೆದ ನಂಬರ್ ಪತ್ರದಲ್ಲಿರುವ ನಂಬರಿಗೆ ಹೊಂದುತ್ತದಾ ಅಂತ ನಿಮ್ಮ ಕಣ್ಣಲ್ಲೇ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆ ಇಲ್ಲ. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ನಿಯಮ ಮೊದಲೇ ಕೇಳಿಕೊಳ್ಳಿ.

ತುಕ್ಕು ಎಲ್ಲಿ ನೋಡಬೇಕು? ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ತಳ, ಕಾಲಿಡುವ ಜಾಗದ ತಗಡು, ಗಾಜಿನ ಚೌಕಟ್ಟಿನ ಕೆಳ ಮೂಲೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆ ಓಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ ತುಂಬಿದ್ದಾರೆ. ಆದರೆ ನೆನಪಿಡಿ, ಹಳೇ ಕಾಲದವರು ಪುಟ್ಟಿಯ ಬದಲು ತುಂಬುತ್ತಿದ್ದ ಸೀಸದ ಮೇಲೂ ಅಯಸ್ಕಾಂತ ಹಿಡಿಯುವುದಿಲ್ಲ.

ಯಾರೋ ಹತ್ತು ವರ್ಷ ಹಿಂದೆ ಟಾಪ್ ಅರ್ಧ ಕತ್ತರಿಸಿ ಬಿಟ್ಟಿದ್ದು "ಅಗ್ಗಕ್ಕೆ" ಸಿಗುತ್ತದೆ. ಅದರ ಹತ್ತಿರವೂ ಹೋಗಬೇಡಿ. ಇನ್ನೊಬ್ಬರ ಅಳತೆಯ ತಪ್ಪನ್ನು ತಿದ್ದುವುದು ಹೊಸದಾಗಿ ಕತ್ತರಿಸುವುದಕ್ಕಿಂತ ಕಷ್ಟ. ಹಾಗೆಯೇ, ಒಂದು ಗೀರೂ ಇಲ್ಲದ, ಕಂಪನಿಯಿಂದ ಬಂದ ಹಾಗೇ ಇರುವ ಕಾರು ಸಿಕ್ಕರೆ ಅದನ್ನೂ ಕತ್ತರಿಸಬೇಡಿ. ಅದನ್ನು ಹಾಗೇ ಪ್ರೀತಿಸುವವರಿಗೆ ಬಿಡಿ. ನಿಮಗೆ ಬೇಕಾಗಿರುವುದು ಎಂಜಿನ್ ಸತ್ತ, ಸೀಟು ಹರಿದ, ಆದರೆ ತಗಡು ಗಟ್ಟಿ ಇರುವ ಕಾರು.

3. ಮೊದಲು ಪ್ಲಾಸ್ಟಿಕ್ ಕತ್ತರಿಸಿ

ಎಎಂಟಿ ಮತ್ತು ರೆವೆಲ್ ಕಂಪನಿಗಳು 1949ರ ಮರ್ಕ್ಯುರಿಯ 1:25 ಅಳತೆಯ ಜೋಡಿಸುವ ಮಾಡೆಲ್ ಮಾಡಿವೆ. ಅಂದರೆ ನಿಜವಾದ ಕಾರಿನ 25ನೇ ಒಂದು ಭಾಗ. ಇದರಲ್ಲಿ ಒಂದು ಅನುಕೂಲ ಇದೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್ ಅಲ್ವಾ? ಹಾಗಾಗಿ ಕಾರಿನ ಒಂದು ಇಂಚು ಮಾಡೆಲ್ ಮೇಲೆ ಒಂದು ಮಿಲಿಮೀಟರ್. ನಾಲ್ಕು ಇಂಚು ಇಳಿಸಿದರೆ ಹೇಗೆ ಕಾಣುತ್ತದೆ ಅಂತ ತಿಳಿಯಲು ನಾಲ್ಕು ಮಿಲಿಮೀಟರ್ ಕತ್ತರಿಸಿದರೆ ಸಾಕು.

ಬೇಕಾದದ್ದು: ಸಣ್ಣ ಹಲ್ಲಿನ ಗರಗಸ, ಮಾಸ್ಕಿಂಗ್ ಟೇಪ್, ಉಕ್ಕಿನ ಸ್ಕೇಲ್, ಮಾಡೆಲ್ ಅಂಟು, ಎಮರಿ ಪೇಪರ್, ಮಾಡೆಲ್ ಪುಟ್ಟಿ. ಕಂಬಗಳ ಮೇಲೆ ಟೇಪ್ ಸುತ್ತಿ, ಎರಡು ಗೆರೆ ಎಳೆದು, ನಡುವಿನ ತುಂಡು ಕತ್ತರಿಸಿ ತೆಗೆಯಿರಿ. ಟಾಪನ್ನು ಮತ್ತೆ ಇಟ್ಟು ನೋಡಿ. ಕೂರುವುದಿಲ್ಲ! ಯಾಕೆ ಕೂರುವುದಿಲ್ಲ ಅನ್ನುವುದನ್ನು ಕೈಯಲ್ಲಿ ಹಿಡಿದು ತಿಳಿಯುವುದೇ ಈ ಹಂತದ ಉದ್ದೇಶ. ಭಾರತದ ಓದುಗರೇ, ಇಲ್ಲಿಂದ ಮುಂದಿನ ಹಂತಗಳಲ್ಲಿ 4, 5, 7 ಮತ್ತು 8ನ್ನು ನಿಮ್ಮ ಮಾಡೆಲ್ ಮೇಲೆ ಮಾಡಬಹುದು. ಬುದ್ಧಿ ಅದೇ, ಸಾಮಾನು ಮಾತ್ರ ಬೇರೆ.

ಅಮೆರಿಕದವರೂ ಇದನ್ನು ಹಾರಿಸಬೇಡಿ. ಎರಡು ಮಾಡೆಲ್ ಹಾಳಾದರೆ ಹಾಳಾಗಲಿ.

4. ಕೂರಿಸುವುದು

ಕಾರು ನೆಲಕ್ಕೆ ಎಷ್ಟು ಹತ್ತಿರ, ಮುಂದೆ ತಗ್ಗೋ ಹಿಂದೆ ತಗ್ಗೋ, ಇದಕ್ಕೆ ಸ್ಟ್ಯಾನ್ಸ್ ಅನ್ನುತ್ತಾರೆ. ಕಾರಿನ ಕೂತ ಭಂಗಿ. 1940ರ ದಶಕದ ಕಸ್ಟಮ್‌ಗಳು ಹಿಂದೆ ತಗ್ಗಿ, ಬಾಲ ಎಳೆದುಕೊಂಡು ಹೋದ ಹಾಗೆ ಇರುತ್ತಿದ್ದವು. ಆಮೇಲಾಮೇಲೆ ಸಮತಟ್ಟಾಗಿ, ಇಲ್ಲವೇ ಮುಂದೆ ತುಸು ತಗ್ಗಿ ಬಂದವು. ಟಾಪ್‌ಗೆ ಕೈ ಹಾಕುವ ಮೊದಲು ಭಂಗಿ ಹೊಂದಿಸಿ. ಎತ್ತರದಲ್ಲಿ ನಿಂತ ಕಾರಿನ ಟಾಪ್ ಎಷ್ಟು ಇಳಿಸಬೇಕು ಅಂತ ಅಂದಾಜು ಮಾಡಿದರೆ ತಪ್ಪುತ್ತದೆ.

ಹಿಂದೆ ಕಮಾನು ಪಟ್ಟಿಗಳಿವೆ (ಲೀಫ್ ಸ್ಪ್ರಿಂಗ್). ಪಟ್ಟಿಗೂ ಆಕ್ಸಲ್‌ಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟರೆ ಅಷ್ಟು ಕಾರು ಇಳಿಯುತ್ತದೆ. ಜಾಸ್ತಿ ಇಳಿಸಿದರೆ ಗುಂಡಿಗೆ ಬಿದ್ದಾಗ ಆಕ್ಸಲ್ ಚಾಸಿಗೆ ಬಡಿಯುತ್ತದೆ. ಹಾಗಾಗಿ ಚಾಸಿಯಲ್ಲಿ ಅರ್ಧಚಂದ್ರದಂತೆ ಕತ್ತರಿಸಿ, ಸುತ್ತ ದಪ್ಪ ಪ್ಲೇಟ್ ಬೆಸೆದು ಬಲಪಡಿಸಬೇಕು. ಮುಂದೆ ಸುರುಳಿ ಸ್ಪ್ರಿಂಗ್ ಇದೆ, ಗಿಡ್ಡ ಸ್ಪ್ರಿಂಗ್ ಇಲ್ಲವೇ ಇಳಿಸಿದ ಸ್ಪಿಂಡಲ್ (ಚಕ್ರ ಕೂರುವ ಅಚ್ಚು) ಹಾಕಿ.

ಎಚ್ಚರಿಕೆ: ಆ ಕಾಲದ ಕೆಲವರು ಸ್ಪ್ರಿಂಗ್‌ಗೆ ಗ್ಯಾಸ್ ಬೆಂಕಿ ಹಿಡಿದು ಕುಗ್ಗಿಸುತ್ತಿದ್ದರು. ನೀವು ಮಾಡಬೇಡಿ. ಕಾದ ಉಕ್ಕಿನ ಹದ ಹೋಗುತ್ತದೆ, ಸ್ಪ್ರಿಂಗ್ ಯಾವಾಗ ಮುರಿಯುತ್ತದೆ ಗೊತ್ತಾಗುವುದಿಲ್ಲ. ಇನ್ನೊಂದು ಮಾತು. ಕಾರಿನ ಯಾವ ಭಾಗವೂ ಚಕ್ರದ ರಿಮ್‌ಗಿಂತ ಕೆಳಗೆ ಇಳಿಯಬಾರದು. ಟೈರ್ ಪಂಚರ್ ಆದರೆ ಚಾಸಿ ನೆಲಕ್ಕೆ ಉಜ್ಜಿ, ಸ್ಟಿಯರಿಂಗ್ ಕೈಗೆ ಸಿಗುವುದಿಲ್ಲ. ಬ್ರೇಕ್‌ಗೆ ಎರಡು ಭಾಗದ ಮಾಸ್ಟರ್ ಸಿಲಿಂಡರ್ ಹಾಕಿಸಿ. ಹಳೆಯದರಲ್ಲಿ ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕ್ ಹೋಗುತ್ತವೆ. ಇದು ಹೊರಗೆ ಕಾಣುವ ಭಾಗವೂ ಅಲ್ಲ, ಹಾಗಾಗಿ ಗೋಡೆಯ ಚೀಟಿಗೆ ಬೇಜಾರಿಲ್ಲ.

5. ಟಾಪ್ ಇಳಿಸುವುದು

ಇದೇ ಚಾಪ್. ಕಾರು ಗೆಲ್ಲುವುದೂ ಸೋಲುವುದೂ ಇಲ್ಲೇ. ಹೊಸ 1949ರ ಮರ್ಕ್ಯುರಿಯನ್ನು ತನಗಾಗಿ ಕೊಂಡು ಅದರ ಟಾಪ್ ಕತ್ತರಿಸಿದ ಸ್ಯಾಮ್ ಬ್ಯಾರಿಸ್, ಈ ಕಾರಿನಲ್ಲಿ ಇದು ಸಾಧ್ಯ ಅಂತ ತೋರಿಸಿದ ಮೊದಲಿಗರಲ್ಲಿ ಒಬ್ಬ.

ತೊಂದರೆ ಏನು? ಮುಂದಿನ ಗಾಜಿನ ಕಂಬ ಹಿಂದಕ್ಕೆ ವಾಲಿದೆ. ಹಿಂದಿನ ಗಾಜು ಮುಂದಕ್ಕೆ ವಾಲಿದೆ. ಗೋಪುರದ ಹಾಗೆ, ಮೇಲೆ ಹೋದಂತೆ ಕಿರಿದು. ನಡುವಿನ ನಾಲ್ಕು ಇಂಚು ತೆಗೆದು ಟಾಪನ್ನು ನೇರ ಇಳಿಸಿದರೆ, ಕೆಳಗಿನ ಕಂಬಗಳ ನಡುವಿನ ಅಂತರ ಜಾಸ್ತಿ, ಟಾಪ್ ಗಿಡ್ಡ. ಮುಂದೆ ಸೇರಿಸಿದರೆ ಹಿಂದೆ ಸೇರುವುದಿಲ್ಲ. ಇದಕ್ಕೆ ಎರಡು ದಾರಿ. ಟಾಪನ್ನು ಅಡ್ಡಕ್ಕೆ ಕತ್ತರಿಸಿ ನಡುವೆ ತಗಡು ಸೇರಿಸಿ ಉದ್ದ ಮಾಡುವುದು ಒಂದು. ಹಿಂದಿನ ಗಾಜಿನ ಚೌಕಟ್ಟನ್ನು ಬೇರೆಯಾಗಿ ಬಿಡಿಸಿ, ಇನ್ನಷ್ಟು ಮಲಗಿಸಿ ಕೂರಿಸುವುದು ಇನ್ನೊಂದು. ಮರ್ಕ್ಯುರಿಗೆ ಎರಡನೆಯದೇ ಚೆಂದ. ಹಿಂದೆ ಹೆಚ್ಚು ಇಳಿದರೆ ಟಾಪ್ ಡಿಕ್ಕಿಯ ಕಡೆಗೆ ನೀರು ಹರಿದ ಹಾಗೆ ಇಳಿಯುತ್ತದೆ. ಮುಂದೆ ನಾಲ್ಕು, ಹಿಂದೆ ನಾಲ್ಕು ಅಂತ ಸಮ ಕತ್ತರಿಸಿದವರ ಕಾರು ನೋಡಿ, ತಲೆಯ ಮೇಲೆ ತಟ್ಟೆ ಇಟ್ಟ ಹಾಗಿರುತ್ತದೆ.

ಕೆಲಸದ ಕ್ರಮ ಹೀಗಿರಲಿ:

ಮೊದಲು ಗಾಜು, ಸೀಟು, ಒಳಗಿನ ಬಟ್ಟೆ, ವೈರಿಂಗ್ ಎಲ್ಲ ತೆಗೆಯಿರಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಗ್ಯಾರೇಜಿನ ಹೊರಗೆ, ದೂರ ಇಡಿ. ಕಾರು ಸಮತಟ್ಟಾದ ನೆಲದಲ್ಲಿ ಚಕ್ರ, ಆಕ್ಸಲ್‌ಗಳ ಮೇಲೆ ಕೂತಿರಲಿ. ಜಾಕ್ ಮೇಲೆ ನೇತಾಡುವ ಬಾಡಿಯನ್ನು ಕತ್ತರಿಸಿದರೆ ಅದು ಬಾಗಿದ ರೂಪದಲ್ಲೇ ಬೆಸೆದುಕೊಳ್ಳುತ್ತದೆ.

ಆಮೇಲೆ ಬಾಡಿಯ ಒಳಗೆ ಚೌಕ ಪೈಪಿನಿಂದ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಆಧಾರ ಬೆಸೆಯಿರಿ. ಬಾಗಿಲುಗಳು ಮುಚ್ಚಿ ತೆಗೆಯುವಂತಿರಬೇಕು, ಸಂದು ಮೊದಲಿನಷ್ಟೇ ಇರಬೇಕು. ಟಾಪ್ ತೆಗೆದ ಬಾಡಿ ಹೆಂಚಿಲ್ಲದ ಮನೆ ಇದ್ದ ಹಾಗೆ, ಗೋಡೆಗಳು ಹೊರಗೆ ವಾಲುತ್ತವೆ.

ಅಳತೆ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳೆಯಿರಿ. ಕಂಪನಿಯಿಂದ ಬಂದಾಗಲೇ ಎರಡು ಬದಿ ಒಂದೇ ಸಮ ಇರಲಿಲ್ಲ. ಕಂಬಗಳ ಮೇಲೆ ಟೇಪಿನಿಂದ ಗುರುತು ಮಾಡಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಕತ್ತರಿಸಲು ಆತುರ ಬೇಡ.

ಕತ್ತರಿಸುವಾಗ ಗುರುತಿನ ಗೆರೆಗಿಂತ ಅರ್ಧ ಇಂಚು ಕಡಿಮೆ ಕತ್ತರಿಸಿ. ಮತ್ತೆ ತೆಗೆಯಬಹುದು, ಸೇರಿಸುವುದು ಕಷ್ಟ. ಎರಡೂ ಕಡೆಯ ಕಂಬದ ಕೀಲು, ಅಂದರೆ ಕತ್ತರಿಸಿ ಕೂಡಿಸುವ ಜಾಗ, ಒಂದೇ ಎತ್ತರದಲ್ಲಿರಲಿ, ಕಂಬ ಅತಿ ನೇರವಾಗಿರುವ ಜಾಗದಲ್ಲಿರಲಿ. ಅಲ್ಲಿ ಕೂಡಿಸುವುದು ಸುಲಭ. ಟಾಪ್ ಎತ್ತಲು ಮೂರು ಜನ ಬೇಕು. ಒಬ್ಬರೇ ಎತ್ತಲು ಹೋದರೆ ನಡುವೆ ಮಡಿಕೆ ಬೀಳುತ್ತದೆ.

ಟಾಪ್ ಮತ್ತೆ ಇಟ್ಟ ಮೇಲೆ ಪೂರ್ತಿ ಬೆಸೆಯಬೇಡಿ. ಅಲ್ಲೊಂದು ಇಲ್ಲೊಂದು ಚುಕ್ಕಿ ಬೆಸುಗೆ ಹಾಕಿ, ಕಾರನ್ನು ಅಂಗಳಕ್ಕೆ ತಳ್ಳಿ, ದೂರದಿಂದ ನೋಡಿ. ಗ್ಯಾರೇಜ್ ಒಳಗೆ ಆರು ಅಡಿ ದೂರದಿಂದ ಸರಿ ಕಂಡದ್ದು ಹೊರಗೆ ವಕ್ರವಾಗಿ ಕಾಣಬಹುದು. ಚುಕ್ಕಿ ಬಿಡಿಸುವುದು ಐದು ನಿಮಿಷದ ಕೆಲಸ.

ಪೂರ್ತಿ ಬೆಸೆಯುವಾಗ ಶಾಖವೇ ವೈರಿ. ಉದ್ದಕ್ಕೂ ಒಂದೇ ಸಲ ಬೆಸುಗೆ ಎಳೆದರೆ ತಗಡು ಹಪ್ಪಳದ ಹಾಗೆ ಉಬ್ಬಿ ಸೊಟ್ಟಗಾಗುತ್ತದೆ. ಒಂದಿಂಚು ಇಲ್ಲಿ, ಒಂದಿಂಚು ಆ ತುದಿಯಲ್ಲಿ, ತಣ್ಣಗಾಗಲು ಬಿಟ್ಟು ಮತ್ತೆ. ಆ ಕಾಲದಲ್ಲಿ ಗ್ಯಾಸ್ ಬೆಸುಗೆ ಮಾಡಿ, ಬಿಸಿ ಇರುವಾಗಲೇ ಸುತ್ತಿಗೆ ಮತ್ತು ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿಯ (ಡಾಲಿ) ನಡುವೆ ತಟ್ಟಿ ಸಪಾಟು ಮಾಡುತ್ತಿದ್ದರು. ಈಗ ವಿದ್ಯುತ್ತಿನಿಂದ ಮಾಡುವ ಟಿಗ್ ಬೆಸುಗೆ ಒಳ್ಳೆಯದು. ಬೆಸುಗೆ ಮೆತ್ತಗಿರುತ್ತದೆ, ತಟ್ಟಿದರೆ ಮಾತು ಕೇಳುತ್ತದೆ.

ಗಾಜು: ಎರಡು ಪದರದ ನಡುವೆ ಹಾಳೆ ಇರುವ ಲ್ಯಾಮಿನೇಟೆಡ್ ಗಾಜನ್ನು ಕತ್ತರಿಸಬಹುದು. ಕಾಯಿಸಿ ಗಟ್ಟಿ ಮಾಡಿದ ಟೆಂಪರ್ಡ್ ಗಾಜನ್ನು ಕತ್ತರಿಸಲು ಆಗುವುದೇ ಇಲ್ಲ, ಪುಡಿಪುಡಿಯಾಗುತ್ತದೆ. ಬಾಗಿದ ಗಾಜು ಕತ್ತರಿಸುವವರು ಅಪರೂಪ. ನಿಮ್ಮೂರಲ್ಲಿ ಅಂಥವರು ಯಾರಿದ್ದಾರೆ ಅಂತ ಟಾಪ್ ಕತ್ತರಿಸುವ ಮೊದಲೇ ವಿಚಾರಿಸಿ.

6. ಸೀಸ ಹಾಕುವುದು

ಈ ಕಾರುಗಳಿಗೆ 'ಲೆಡ್ ಸ್ಲೆಡ್' ಅಂತಲೂ ಹೆಸರು. ಸೀಸದ ಜಾರುಬಂಡಿ ಅಂತ ಅರ್ಥ. ಪ್ಲಾಸ್ಟಿಕ್ ಪುಟ್ಟಿ ಬಳಕೆಗೆ ಬರುವ ಮೊದಲು ಕೀಲುಗಳನ್ನು ಸೀಸದಿಂದ ತುಂಬುತ್ತಿದ್ದರು. ನೀವೂ ಹಾಗೇ ಮಾಡಬೇಕು ಅಂತ ಕಡ್ಡಾಯವಿಲ್ಲ. ಆದರೆ ಬಾಗಿಲ ಅಂಚು, ಟಾಪಿನ ಕೀಲು ಇಂಥ ಕಡೆ ಸೀಸ ಪುಟ್ಟಿಗಿಂತ ಗಟ್ಟಿ. ಕಲಿಯುವ ಮನಸ್ಸಿದ್ದರೆ ಇದಕ್ಕಿಂತ ಖುಷಿಯ ಕೆಲಸ ಇಡೀ ಕಾರಿನಲ್ಲಿಲ್ಲ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ್ದೀರಾ? ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ತಾಗಿಸಿ, ಅರಳೆಯಿಂದ ಒಂದೇ ಏಟಿಗೆ ಒರೆಸಿದರೆ ಬೆಳ್ಳಿಯ ಹಾಗೆ ಹೊಳೆಯುತ್ತದಲ್ಲ, ಇಲ್ಲೂ ಮೊದಲ ಕೆಲಸ ಅದೇ. ತಗಡನ್ನು ಉಜ್ಜಿ ಬೆಳ್ಳಗೆ ಮಾಡಿ, ಟಿನ್ನಿಂಗ್ ಪೇಸ್ಟ್ ಬಳಿದು, ಬೆಂಕಿ ತೋರಿಸಿ, ಹತ್ತಿ ಬಟ್ಟೆಯಿಂದ ಒರೆಸಿ. ಎಲ್ಲಿ ಕಲಾಯಿ ಹತ್ತಲಿಲ್ಲವೋ ಅಲ್ಲಿ ಸೀಸವೂ ಹತ್ತುವುದಿಲ್ಲ.

ಮುಂದೆ ಸೀಸದ ಕಡ್ಡಿ. ಬಾಡಿ ಕೆಲಸಕ್ಕೆ 70 ಪಾಲು ಸೀಸ, 30 ಪಾಲು ತವರ ಬೆರೆತ ಕಡ್ಡಿ ಒಳ್ಳೆಯದು. ಇದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ಶುರುವಾಗುತ್ತದೆ, ಪೂರ್ತಿ ನೀರಾಗಲು ಇನ್ನೂ ಸುಮಾರು 70 ಡಿಗ್ರಿ ಬೇಕು. ಈ ನಡುವಿನ ಹದದಲ್ಲೇ ನಮ್ಮ ಕೆಲಸ. ಮೆತ್ತನೆ ಬೆಂಕಿಯನ್ನು ತಗಡಿಗೂ ಕಡ್ಡಿಯ ತುದಿಗೂ ತೋರಿಸುತ್ತಾ ಇರಿ. ಕಡ್ಡಿಯ ತುದಿ ಮೊದಲು ಮಂಕಾಗುತ್ತದೆ, ಆಮೇಲೆ ಬೆವರಿದ ಹಾಗೆ ಹೊಳೆಯುತ್ತದೆ. ಆಗ ಒತ್ತಿದರೆ ಒಂದು ಉಂಡೆ ತಗಡಿಗೆ ಅಂಟಿ ಉಳಿಯುತ್ತದೆ. ಹೀಗೆ ಸಾಲಾಗಿ ಉಂಡೆ ಇಟ್ಟು, ಮರದ ಹಲಗೆಯನ್ನು ಜೇನುಮೇಣದಲ್ಲಿ ಅದ್ದಿ, ಉಂಡೆಗಳನ್ನು ಹರಡಿ. ಹೋಳಿಗೆ ತಟ್ಟುವ ಕೈ ಇದ್ದವರಿಗೆ ಇದು ಬೇಗ ಬರುತ್ತದೆ. ಬೆಂಕಿ ಒಂದು ಕ್ಷಣ ಜಾಸ್ತಿ ನಿಂತರೆ ಇಡೀ ಸಾಲು ಜಾರಿ ನೆಲಕ್ಕೆ ಬೀಳುತ್ತದೆ. ಮೇಲ್ಮುಖವಾದ ಜಾಗದಲ್ಲಿ ಕಲಿತು, ಆಮೇಲೆ ನೇರ ಗೋಡೆಯಂಥ ಜಾಗಕ್ಕೆ ಹೋಗಿ.

ತಣ್ಣಗಾದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಚೆನ್ನಾಗಿ ತೊಳೆಯಿರಿ. ಪೇಸ್ಟ್‌ನಲ್ಲಿ ಆಮ್ಲ ಇರುತ್ತದೆ. ಮೇಣವನ್ನೂ ಒರೆಸಿ ತೆಗೆಯಬೇಕು. ನಾನು ಮೊದಲ ಸಲ ಸರಿಯಾಗಿ ತೊಳೆಯದೆ ಬಣ್ಣ ಹೊಡೆದೆ. ಆರು ತಿಂಗಳಲ್ಲಿ ಕೀಲಿನ ಉದ್ದಕ್ಕೂ ಬಣ್ಣ ಗುಳ್ಳೆ ಎದ್ದಿತು. ಎಲ್ಲ ಕೆರೆದು ಮತ್ತೆ ಮಾಡಬೇಕಾಯಿತು.

ಸೀಸ ವಿಷ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಡ್ಡಾಯವಾಗಿ ಅರದಿಂದಲೇ ಉಜ್ಜಿ. ಗ್ರೈಂಡರ್ ಹಾಕಿದರೆ ಸೀಸದ ಧೂಳು ಗಾಳಿಗೆ ಏಳುತ್ತದೆ. ಸರಿಯಾದ ಫಿಲ್ಟರ್ ಇರುವ ಮುಖವಾಡ ಬೇಕು, ಕರ್ಚೀಫ್ ಸಾಲದು. ಅಲ್ಲಿ ತಿನ್ನಬೇಡಿ, ಕುಡಿಯಬೇಡಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ. ಮಕ್ಕಳು, ಬಸುರಿ ಹೆಂಗಸರು ಆ ಗ್ಯಾರೇಜಿಗೆ ಬರಲೇಬಾರದು.

ದಪ್ಪನೆ ಸೀಸ ಮೆತ್ತಿ ಆಕಾರ ತರಲು ಹೋಗಬೇಡಿ. ಒಂದೆರಡು ಮಿಲಿಮೀಟರ್‌ಗಿಂತ ಜಾಸ್ತಿ ಬೇಕಾಯಿತು ಅಂದರೆ ತಗಡು ಸರಿಯಾಗಿಲ್ಲ. ವಾಪಸ್ ಸುತ್ತಿಗೆಗೆ ಹೋಗಿ.

7. ತೆಗೆಯುವುದು, ಹುದುಗಿಸುವುದು, ಸೇರಿಸುವುದು

ಶೇವ್ ಅಂದರೆ ಬೋಳಿಸುವುದು: ಬಾಗಿಲ ಹಿಡಿ, ಕಂಪನಿಯ ಹೆಸರಿನ ಅಕ್ಷರ, ಬೇಡದ ಕ್ರೋಮ್ ತೆಗೆದು ರಂಧ್ರ ಬೆಸೆದು ಮುಚ್ಚುವುದು. ಬಾನೆಟ್ ಮುಂದಿನದನ್ನು ತೆಗೆದರೆ ನೋಸ್, ಡಿಕ್ಕಿ ಮೇಲಿನದನ್ನು ತೆಗೆದರೆ ಡೆಕ್ ಅನ್ನುತ್ತಾರೆ. ಹೊಸಬರು ಮೊದಲು ಇದನ್ನೇ ಮಾಡಿ ಕೈ ಪಳಗಿಸಿಕೊಳ್ಳಬಹುದು. ಹಿಡಿ ತೆಗೆದ ಮೇಲೆ ಬಾಗಿಲು ತೆರೆಯಲು ವಿದ್ಯುತ್ತಿನ ಸಾಲಿನಾಯ್ಡ್ ಹಾಕುತ್ತಾರೆ. ಗುಂಡಿ ಒತ್ತಿದರೆ ಅದು ಚಿಲಕವನ್ನು ಎಳೆಯುತ್ತದೆ. ಬ್ಯಾಟರಿ ಸತ್ತರೆ? ಅದಕ್ಕೇ ಕಾರಿನಡಿ ಕೈಗೆ ಸಿಗುವ ಕಡೆ ಒಂದು ಕೇಬಲ್ ಇರಲೇಬೇಕು. ಒಳಗಿನ ಹಿಡಿಯನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಅಪಘಾತದಲ್ಲಿ ಜೀವ ಉಳಿಸುವುದು ಅದೇ.

ಫ್ರೆಂಚ್ ಅಂದರೆ ದೀಪವನ್ನು ಬಾಡಿಯೊಳಗೆ ಹುದುಗಿಸುವುದು. ಹೆಡ್‌ಲೈಟ್‌ನ ಕ್ರೋಮ್ ಬಳೆ ತೆಗೆದು, 1952-54ರ ಫೋರ್ಡ್‌ನ ಬಳೆಯಂಥದ್ದನ್ನು ಮಡ್‌ಗಾರ್ಡ್‌ಗೆ ಬೆಸೆದು ಒಂದಾಗಿಸುತ್ತಾರೆ. ಬಲ್ಬ್ ಬದಲಿಸಲು ಹಿಂದಿನಿಂದ ದಾರಿ ಬಿಡಿ. ನೀರು ಹೋಗಲು ಕೆಳಗೊಂದು ಸಣ್ಣ ತೂತು ಬಿಡಿ. ಇದನ್ನು ಮರೆತವರೇ ಜಾಸ್ತಿ. ಎರಡು ಮಳೆಗಾಲದಲ್ಲಿ ಒಳಗಿಂದ ತುಕ್ಕು ಬರುತ್ತದೆ.

ಸೆಕ್ಷನ್ ಅಂದರೆ ಬಾಡಿಯ ನಡುವಿನಿಂದ ಸುತ್ತಲೂ ಒಂದು ಪಟ್ಟಿ ತೆಗೆದು ಇಡೀ ಕಾರನ್ನು ತೆಳುವಾಗಿಸುವುದು. ಚಾನಲ್ ಅಂದರೆ ತಳ ಕತ್ತರಿಸಿ ಬಾಡಿಯನ್ನು ಚಾಸಿಯ ಸುತ್ತ ಕೆಳಗಿಳಿಸುವುದು. ಮೊದಲ ಕಾರಿಗೆ ಎರಡೂ ಬೇಡ.

ಇನ್ನು ಬೇರೆ ಕಾರಿನ ಭಾಗಗಳು. ಡಿಸೋಟೊ ಗ್ರಿಲ್‌ನ ಹಲ್ಲುಗಳು, ಕ್ಯಾಡಿಲ್ಯಾಕ್‌ನ 'ಸೊಂಬ್ರೆರೊ' ಚಕ್ರದ ಮುಚ್ಚಳ, ಆಪಲ್ಟನ್ ಸ್ಪಾಟ್‌ಲೈಟ್, ಹಿಂದಿನ ಚಕ್ರ ಮುಚ್ಚುವ ಸ್ಕರ್ಟ್, ಪಕ್ಕದಲ್ಲಿ ಉದ್ದಕ್ಕೆ ಹೋಗುವ ಹೊಗೆ ಕೊಳವೆ (ಲೇಕ್ಸ್ ಪೈಪ್) ಎಲ್ಲ ಚೆಂದ. ಲೇಕ್ಸ್ ಪೈಪ್ ಅನ್ನುವ ಹೆಸರು ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ ನಡೆಯುತ್ತಿದ್ದ ಓಟಗಳಿಂದ ಬಂದದ್ದು. ಆದರೆ ಎಲ್ಲವನ್ನೂ ಒಂದೇ ಕಾರಿಗೆ ಹಾಕಬೇಡಿ. ಮದುವೆ ಮನೆಯಲ್ಲಿ ಇದ್ದಬದ್ದ ಒಡವೆಯೆಲ್ಲ ಹೇರಿಕೊಂಡ ಹಾಗಾಗುತ್ತದೆ. ಗ್ರಿಲ್ ಮತ್ತು ಚಕ್ರದ ಮುಚ್ಚಳ ಸರಿಯಾಗಿ ಆರಿಸಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

8. ಬಣ್ಣ

ಆ ಕಾಲದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ತೆಳುವಾಗಿ ಹಲವು ಪದರ ಹೊಡೆದು, ನೀರು ಹಾಕಿ ಉಜ್ಜಿ, ಮತ್ತೆ ಹೊಡೆದು, ಕೈಯಲ್ಲಿ ಪಾಲಿಶ್ ಮಾಡುತ್ತಿದ್ದರು. ಹೊಳಪು ಆಳದಿಂದ ಬಂದ ಹಾಗಿರುತ್ತಿತ್ತು. ಗಾಢ ಕೆಂಗಂದು, ಗಾಢ ಹಸಿರು, ಕಪ್ಪು ಯಾವತ್ತೂ ತಪ್ಪಲ್ಲ. ಬಂಗಾರ ಅಥವಾ ಬೆಳ್ಳಿ ಬಣ್ಣದ ಮೇಲೆ ಪಾರದರ್ಶಕ ಕೆಂಪು ಹೊಡೆಯುವ ಕ್ಯಾಂಡಿ ಬಣ್ಣಕ್ಕೆ ಜೋ ಬೈಲನ್ ಹೆಸರುವಾಸಿ. ಅದು ಬೇಕಿದ್ದರೆ ನಿಮ್ಮ ಚೀಟಿಯ ವರ್ಷವನ್ನು ದಶಕದ ಕೊನೆಯ ಕಡೆಗೆ ಸರಿಸಿ. ಕ್ಯಾಂಡಿಯಲ್ಲಿ ಒಂದು ಕಡೆ ಪದರ ಹೆಚ್ಚಾದರೆ ಅಲ್ಲಿ ಕಪ್ಪಗಾಗುತ್ತದೆ, ತಿದ್ದಲು ಆಗುವುದಿಲ್ಲ. ಮೊದಲ ಸಲಕ್ಕೆ ಒಂದೇ ಗಟ್ಟಿ ಬಣ್ಣ ಸಾಕು.

ಗಟ್ಟಿಕಾರಕ ಬೆರೆಸುವ ಇಂದಿನ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ವಿಷ ಇರುತ್ತದೆ. ಸಾಮಾನ್ಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ ಇಲ್ಲದಿದ್ದರೆ ಆ ಕೆಲಸವನ್ನು ಬಣ್ಣ ಹೊಡೆಯುವ ಬೂತ್ ಇರುವವರಿಗೆ ಕೊಡಿ. ಉಜ್ಜುವ ಕೆಲಸ ಎಷ್ಟಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು. ಬೆರಳಿನಿಂದ ಒತ್ತಿ ಉಜ್ಜಬೇಡಿ, ಬೆರಳಿನ ಗೆರೆ ಮೂಡುತ್ತದೆ. ಉದ್ದನೆಯ ಮರದ ತುಂಡಿಗೆ ಎಮರಿ ಸುತ್ತಿ, ಮೂಲೆಯಿಂದ ಮೂಲೆಗೆ ಉಜ್ಜಿ.

9. ಎಂಜಿನ್, ವೈರಿಂಗ್, ಸೀಟು

ಮರ್ಕ್ಯುರಿಯ ಎಂಜಿನ್ ಫ್ಲಾಟ್‌ಹೆಡ್ ವಿ8, 255 ಘನ ಇಂಚು, 110 ಅಶ್ವಶಕ್ತಿ (1951ರದ್ದಕ್ಕೆ 112). ವಾಲ್ವ್‌ಗಳು ಎಂಜಿನ್ನಿನ ತಲೆಭಾಗದಲ್ಲಿಲ್ಲ, ಬ್ಲಾಕ್ ಒಳಗೇ ಇವೆ. ಹೊಗೆಯೂ ಬ್ಲಾಕ್ ಒಳಗಿಂದಲೇ ಹಾದು ಹೊರಗೆ ಬರುತ್ತದೆ. ಅದಕ್ಕೇ ಬೇಗ ಕಾಯುತ್ತದೆ. ರೇಡಿಯೇಟರ್ ಒಳಗೆ ಪೂರ್ತಿ ಶುಚಿ ಮಾಡಿಸಿ, ಬ್ಲಾಕಿನ ನೀರಿನ ದಾರಿಗಳಲ್ಲಿರುವ ಹಳೇ ಕೆಸರು ತೆಗೆಸಿ. ಬ್ಲಾಕ್ ಬಿರುಕು ಬಿಟ್ಟಿದೆಯಾ ಅಂತ ಮಷಿನ್ ಶಾಪ್‌ನಲ್ಲಿ ಪರೀಕ್ಷೆ ಮಾಡಿಸದೆ ಒಂದು ಪೈಸೆಯೂ ಖರ್ಚು ಮಾಡಬೇಡಿ. ಇನ್ನೂ ಬಲ ಬೇಕಿದ್ದರೆ ಆ ಕಾಲದವರ ದಾರಿಯೇ ಇದೆ, ಕ್ಯಾಡಿಲ್ಯಾಕ್ ಅಥವಾ ಓಲ್ಡ್ಸ್‌ಮೊಬೈಲ್‌ನ ವಿ8. ಹಿರೋಹಾಟನ ಕಾರಿಗೂ ಕ್ಯಾಡಿಲ್ಯಾಕ್ ಎಂಜಿನ್ ಬಂತು.

ವೈರಿಂಗ್ 6 ವೋಲ್ಟ್, ಅದರಲ್ಲೂ ಪಾಸಿಟಿವ್ ಬಾಡಿಗೆ ಸೇರಿದ್ದು. ಈಗಿನ ಕಾರುಗಳಿಗೆ ತಿರುಗುಮುರುಗು. ಇದನ್ನು ಮರೆತು ಇಂದಿನ ಸಾಮಾನು ಜೋಡಿಸಿದರೆ ಸುಟ್ಟುಹೋಗುತ್ತದೆ. ಬಾಗಿಲ ಸಾಲಿನಾಯ್ಡ್ ಹಾಕುವವರು 12 ವೋಲ್ಟ್‌ಗೆ ಬದಲಾಯಿಸಿಕೊಳ್ಳುವುದು ಮೇಲು.

ಸೀಟಿಗೆ ಟಕ್ ಅಂಡ್ ರೋಲ್, ಅಂದರೆ ಉದ್ದುದ್ದ ಉಬ್ಬು ಮಡಿಕೆಗಳ ಹೊಲಿಗೆ. ಎರಡು ಬಣ್ಣ ಸಾಕು. ಇದನ್ನು ಕಲಿತ ದರ್ಜಿಯ ಕೈಗೇ ಕೊಡಿ.

10. ಮೊದಲ 100 ಮೈಲಿ

ಪಾಲಿಶ್ ಮುಗಿದ ದಿನವೇ ಹೆದ್ದಾರಿಗೆ ಹೋಗಬೇಡಿ. ಮನೆಯ ಸುತ್ತ ನಿಧಾನವಾಗಿ ಓಡಿಸಿ. ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಟೈರ್ ಮಡ್‌ಗಾರ್ಡ್‌ಗೆ ತಾಗುತ್ತದಾ ನೋಡಿ. ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿ ಮತ್ತೆ ನೋಡಿ. ಟಾಪ್ ಇಳಿದ ಮೇಲೆ ಹಿಂದಿನ ಗಾಜಿನಿಂದ ಕಾಣುವುದು ಅಂಗೈಯಗಲ ರಸ್ತೆ, ಹಾಗಾಗಿ ಎರಡೂ ಕಡೆ ಕನ್ನಡಿ ಬೇಕೇ ಬೇಕು. ಮೊದಲ 100 ಮೈಲಿ ಆದಮೇಲೆ ಚಕ್ರದ ನಟ್, ಕಮಾನು ಪಟ್ಟಿಯ ಯು-ಬೋಲ್ಟ್, ಸ್ಟಿಯರಿಂಗ್ ಕೀಲುಗಳನ್ನು ಒಂದೊಂದಾಗಿ ಮತ್ತೆ ಬಿಗಿ ಮಾಡಿ. ಬಾಗಿಲುಗಳ ಸಂದನ್ನು, ನೀವು ಕತ್ತರಿಸುವ ಮೊದಲು ಬರೆದಿಟ್ಟ ಅಳತೆಯ ಜೊತೆ ಹೋಲಿಸಿ. ಒಂದು ಬೆಸುಗೆ ಬಿಟ್ಟಿದ್ದರೂ ಅದು ಮೊದಲು ಕಾಣಿಸಿಕೊಳ್ಳುವುದು ಅಲ್ಲೇ.